ದಾರಿ ತಪ್ಪಿದ ಆಮೆ

ಶಾಲೆಗೆ ಹೊಸ ಯಂತ್ರ ಬಂದರೆ ಮಕ್ಕಳು ಹಿಗ್ಗುತ್ತಾರೆ, ಶಿಕ್ಷಕರು ಅಳುಕುತ್ತಾರೆ. ಮಕ್ಕಳೆದುರೇ ತಪ್ಪಿದರೆ ಏನು ಗತಿ? ಈ ಅಳುಕಿಗೆ ‘ಲೋಗೊ’ ಒಳ್ಳೆಯ ಮದ್ದು.

ಲೋಗೊ ಎಂಬುದು ಸಿಮೋರ್ ಪ್ಯಾಪರ್ಟ್ ಮತ್ತು ಸಂಗಡಿಗರು 1967ರಲ್ಲಿ ಅಮೆರಿಕದಲ್ಲಿ ಮಕ್ಕಳಿಗೆಂದೇ ರೂಪಿಸಿದ ಕಂಪ್ಯೂಟರ್ ಭಾಷೆ. ಪರದೆಯ ಮೇಲೊಂದು ‘ಆಮೆ’ ಇರುತ್ತದೆ. ಹೇಳಿದಂತೆ ನಡೆದು, ನಡೆದಲ್ಲೆಲ್ಲ ಗೆರೆ ಎಳೆಯುವುದು ಅದರ ಕೆಲಸ. ‘100 ಹೆಜ್ಜೆ ಮುಂದೆ ಹೋಗು, 90 ಡಿಗ್ರಿ ಬಲಕ್ಕೆ ತಿರುಗು’ ಎಂದು ನಾಲ್ಕು ಸಲ ಹೇಳಿದರೆ ಚೌಕ ಸಿದ್ಧ.

ತ್ರಿಭುಜಕ್ಕೆ ಬಂದಾಗ ಪೇಚು. ಸಮಬಾಹು ತ್ರಿಭುಜದ ಕೋನ 60 ಡಿಗ್ರಿ ಎಂದು ಓದಿದ ಮಗು ಪ್ರತಿ ಸಲವೂ 60 ತಿರುಗಿಸುತ್ತದೆ. ಮೂಡುವುದು ಅರ್ಧ ಷಟ್ಕೋನ! ನೆಲದ ಮೇಲೆ ತಾನೇ ಆಮೆಯಂತೆ ನಡೆದು ನೋಡಿದರೆ ಗುಟ್ಟು ತಿಳಿಯುತ್ತದೆ. ಆಮೆ ತಿರುಗಬೇಕಾದದ್ದು ಹೊರಕೋನದಷ್ಟು, ಅಂದರೆ 120. ಮೂರು ತಿರುವು ಸೇರಿದರೆ 360, ಒಂದು ಪೂರ್ಣ ಸುತ್ತು.

ತಪ್ಪನ್ನು ಹುಡುಕಿ ತಿದ್ದುವುದರಲ್ಲೇ ಕಲಿಕೆ ಇದೆ ಎಂದು ಪ್ಯಾಪರ್ಟ್ 1980ರ ತಮ್ಮ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕದಲ್ಲಿ ವಾದಿಸಿದರು. ಇದು ಶಿಕ್ಷಕರಿಗೂ ಸಲ್ಲುವ ಮಾತು. ಲೋಗೊದ ಹಾದಿಯಲ್ಲೇ 2007ರಲ್ಲಿ ಬಂದ ‘ಸ್ಕ್ರ್ಯಾಚ್’ ಉಚಿತವಾಗಿ ಸಿಗುತ್ತದೆ. ಅದನ್ನು ಪೂರ್ತಿ ಅರೆದು ಕುಡಿದ ಮೇಲೆಯೇ ತರಗತಿಗೆ ಹೋಗಬೇಕೆಂದಿಲ್ಲ. ‘ನನಗೂ ಗೊತ್ತಿಲ್ಲ, ಬನ್ನಿ ನೋಡೋಣ’ ಎನ್ನುವ ಮೇಷ್ಟ್ರ ಮುಂದೆ ತಪ್ಪು ಮಾಡಲು ಮಕ್ಕಳು ಹೆದರುವುದಿಲ್ಲ.

ಮಗು ಮನೆಗೆ ಬಂದಾಗ ಪಾಲಕರೂ ಅಂಕ ಕೇಳುವ ಮೊದಲು, ಈ ದಿನ ಆಮೆ ಎಲ್ಲಿ ದಾರಿ ತಪ್ಪಿತು ಎಂದು ಕೇಳಲಿ.