ಶುಶ್ರೂಷೆ ಮಾಡುವವರ ಶುಶ್ರೂಷೆ

ಮಗುವೊಂದಕ್ಕೆ ಕ್ಯಾನ್ಸರ್ ಎಂದು ತಿಳಿದಾಕ್ಷಣ ಬಂಧುಬಳಗವೆಲ್ಲ ಮಗುವಿನ ಸ್ಥಿತಿಯನ್ನು ವಿಚಾರಿಸುತ್ತದೆ. ಅದು ಸಹಜ. ಆದರೆ ಆ ಮಗುವಿನ ಮಂಚದ ಬದಿಯಲ್ಲಿ ತಿಂಗಳುಗಟ್ಟಲೆ ಕುಳಿತ ತಾಯಿಯೊಂದಿಗೆ, ‘ನೀನು ಉಂಡೆಯಾ, ನಿದ್ರಿಸಿದೆಯಾ’ ಎಂದು ಕೇಳುವವರೆಷ್ಟು ಮಂದಿ?

ಮಕ್ಕಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ರಕ್ತದ ಕ್ಯಾನ್ಸರ್. ಅದರ ಪ್ರಧಾನ ಬಗೆಗೆ ಎರಡರಿಂದ ಮೂರು ವರ್ಷಗಳ ಚಿಕಿತ್ಸೆ ಬೇಕು. ದೂರದ ಊರಿನ ತಾಯಿ ಮಗುವಿನೊಂದಿಗೆ ಬೆಂಗಳೂರಿನಲ್ಲಿ ಉಳಿಯಬೇಕಾಗುತ್ತದೆ. ತಂದೆಯ ದುಡಿಮೆ ಕುಂಟುತ್ತದೆ. ಉಳಿದ ಮಕ್ಕಳು ಅಜ್ಜಿಯ ಪಾಲಾಗುತ್ತಾರೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯು ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯ ಭದ್ರತೆ ನೀಡುತ್ತದೆ, ನಿಜ. ಆದರೆ ಕೋಣೆಯ ಬಾಡಿಗೆಯನ್ನೂ ನಿಂತುಹೋದ ಕೂಲಿಯನ್ನೂ ಆ ಕಾರ್ಡು ತುಂಬಿಕೊಡುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಶ್ರೀಮಂತ ರಾಷ್ಟ್ರಗಳಲ್ಲಿ ಕ್ಯಾನ್ಸರ್ ಪೀಡಿತ ಮಕ್ಕಳ ಪೈಕಿ ಶೇ. 80ಕ್ಕಿಂತ ಹೆಚ್ಚು ಮಂದಿ ಗುಣಮುಖರಾಗುತ್ತಾರೆ. ಅನೇಕ ಬಡ ರಾಷ್ಟ್ರಗಳಲ್ಲಿ ಈ ಪ್ರಮಾಣ ಶೇ. 30ಕ್ಕಿಂತಲೂ ಕಡಿಮೆ. ಚಿಕಿತ್ಸೆಯನ್ನು ಅರ್ಧದಲ್ಲೇ ಕೈಬಿಡುವುದು ಇದಕ್ಕಿರುವ ಕಾರಣಗಳಲ್ಲೊಂದು. ಮಾತ್ರೆಯ ಲೆಕ್ಕವಿಡುವವಳು, ನಡುರಾತ್ರಿ ಜ್ವರ ಬಂದರೆ ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಧಾವಿಸುವವಳು ತಾಯಿ. ಆಕೆ ಕುಸಿದರೆ ಚಿಕಿತ್ಸೆಯೂ ಕುಸಿಯುತ್ತದೆ. ಆದ್ದರಿಂದ ಆಕೆಯ ಕ್ಷೇಮವೂ ಚಿಕಿತ್ಸೆಯ ಒಂದು ಭಾಗವೇ ಆಗಿದೆ.

ಆದರೆ ನಾವು ಮಾಡುತ್ತಿರುವುದೇನು? ‘ಬಸುರಿಯಾಗಿದ್ದಾಗ ಏನು ತಿಂದಿದ್ದೆ?’, ‘ಯಾರ ದೃಷ್ಟಿ ತಾಗಿತು?’ ಎಂದು ಕೇಳಿ ಆಕೆಯ ಗಾಯಕ್ಕೆ ಉಪ್ಪು ಸವರುತ್ತೇವೆ. ಮಕ್ಕಳ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವುಗಳಿಗೆ ನಿಶ್ಚಿತ ಕಾರಣ ತಿಳಿದಿಲ್ಲ. ಅದು ಅಂಟುರೋಗವೂ ಅಲ್ಲ, ತಾಯಿಯ ತಪ್ಪೂ ಅಲ್ಲ.

ರೋಗಿಯ ಸಂದರ್ಶನವು ಒಬ್ಬ ಮುಸ್ಲಿಮನಿಗೆ ಇನ್ನೊಬ್ಬ ಮುಸ್ಲಿಮನ ಮೇಲಿರುವ ಹಕ್ಕೆಂದು ಪ್ರವಾದಿ(ಸ) ಕಲಿಸಿರುವರು. ಆದರೆ ಕೀಮೋಥೆರಪಿಯಿಂದ ಮಗುವಿನ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ. ನಮ್ಮ ಶೀತ, ಕೆಮ್ಮು ಅದರ ಪ್ರಾಣಕ್ಕೇ ಕುತ್ತಾಗಬಹುದು. ಗುಂಪಾಗಿ ಹೋಗಿ, ಬಳಲಿದ ತಾಯಿಯಿಂದ ಚಹಾ ಮಾಡಿಸಿಕೊಂಡು ಕುಡಿದು ಬರುವುದು ಸಂದರ್ಶನವೇ? ಬಾಗಿಲಲ್ಲೇ ಊಟದ ಪಾತ್ರೆ ಕೊಟ್ಟು ಮರಳುವುದು, ಆಕೆಯ ಉಳಿದ ಮಕ್ಕಳನ್ನು ಶಾಲೆಗೆ ಬಿಡುವುದು, ಒಂದು ರಾತ್ರಿ ಆಸ್ಪತ್ರೆಯಲ್ಲಿ ಕುಳಿತು ಆಕೆಯನ್ನು ಮಲಗಗೊಡುವುದು ಆ ಹಕ್ಕನ್ನು ಹೆಚ್ಚು ಚೆನ್ನಾಗಿ ಸಲ್ಲಿಸುತ್ತದೆ. ತಂದೆಗೂ ಮನಬಿಚ್ಚಿ ಅಳಲು ಒಬ್ಬ ಗೆಳೆಯನಾದರೂ ಬೇಕು.

ಚಿಕಿತ್ಸೆಗಾಗಿ ದೂರದಿಂದ ಬರುವ ಇಂತಹ ಕುಟುಂಬಗಳಿಗೆ ಉಚಿತ ವಸತಿ ಕಲ್ಪಿಸುವ ಕೆಲಸವನ್ನು ಸೇಂಟ್ ಜೂಡ್ ಇಂಡಿಯಾ ಸಂಸ್ಥೆಯು 2006ರಲ್ಲಿ ಮುಂಬೈಯಲ್ಲಿ ಆರಂಭಿಸಿತು. ನಮ್ಮ ಜಮಾಅತ್‌ಗಳು ಕಟ್ಟಡ ಕಟ್ಟಬೇಕೆಂದೇನಿಲ್ಲ. ಬೈತುಲ್‌ಮಾಲ್‌ನಿಂದ ಒಂದು ಕುಟುಂಬದ ಕೋಣೆಯ ಬಾಡಿಗೆಯನ್ನಾದರೂ ಚಿಕಿತ್ಸೆ ಮುಗಿಯುವವರೆಗೆ ವಹಿಸಿಕೊಳ್ಳಬಹುದಲ್ಲವೇ? ಮಗುವಿಗಾಗಿ ದುಆ ಮಾಡುವ ಕೈಗಳು ಆ ತಾಯಿಯ ಹೊರೆಗೂ ಹೆಗಲು ಕೊಡಲಿ.