ಮೌನವು ಸಮ್ಮತಿಯಾದೀತೆ?

ಮುಪ್ಪಿನ ಅನ್ನದ ಪ್ರಶ್ನೆಯನ್ನು ಒಂದು ಸುತ್ತೋಲೆಯ ಕಡೆಯ ತಾರೀಖಿಗೆ ಗಂಟುಹಾಕುವ ಪದ್ಧತಿಯು ನಮ್ಮ ಆಡಳಿತದಲ್ಲಿ ರೂಢಮೂಲವಾಗುತ್ತಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಉಪಾಧ್ಯಾಯರೂ ಗುಮಾಸ್ತರೂ ಅಂಚೆ, ರೈಲ್ವೆ ನೌಕರರೂ ಇದನ್ನು ಸಾವಧಾನವಾಗಿ ಆಲೋಚಿಸಬೇಕೆಂದು ಕೋರುತ್ತೇವೆ.

1-4-2006ರಿಂದೀಚೆಗೆ ರಾಜ್ಯ ಸರ್ಕಾರದ ಸೇವೆಗೆ ಸೇರಿದವರಿಗೆ ನಿಶ್ಚಿತವಾದ ಹಳೆಯ ಪಿಂಚಣಿಯು ತಪ್ಪಿ, ರಾಷ್ಟ್ರೀಯ ಪಿಂಚಣಿ ಪದ್ಧತಿಯು ಪಾಲಿಗೆ ಬಂದಿತು. ಮೂಲವೇತನ ಮತ್ತು ತುಟ್ಟಿಭತ್ಯಗಳ ಮೇಲೆ ನೌಕರನಿಂದ ನೂರಕ್ಕೆ 10, ಸರ್ಕಾರದಿಂದ 14ರಂತೆ ಕೂಡಿದ ಹಣವನ್ನು ಪೇಟೆಯಲ್ಲಿ ಹೂಡುತ್ತಾರೆ. ಬೆಳೆದರೆ ಅವನ ಅದೃಷ್ಟ, ಕುಗ್ಗಿದರೆ ಅವನ ಪ್ರಾರಬ್ಧ.

ನೇಮಕಾತಿಯ ಪ್ರಕಟಣೆಯು ಆ ತಾರೀಖಿಗೆ ಮೊದಲೇ ಹೊರಟಿದ್ದು, ಸೇವೆಗೆ ಮಾತ್ರ ಅನಂತರ ಸೇರಿದ ಸುಮಾರು 13 ಸಾವಿರ ಮಂದಿಗೆ ಹಳೆಯ ಪಿಂಚಣಿಗೆ ಮರಳುವ ಅವಕಾಶವನ್ನು ರಾಜ್ಯ ಸರ್ಕಾರದವರು 2024ರ ಜನವರಿಯಲ್ಲಿ ಕೊಟ್ಟರು. ಇದು ಶ್ಲಾಘ್ಯವಾದ ಕಾರ್ಯವೇ ಸರಿ. ಆದರೆ 30-6-2024ರೊಳಗೆ ಬರೆದುಕೊಡದವನು ಇದ್ದಲ್ಲಿಯೇ ಇರತಕ್ಕದ್ದು! ಹೊಸದುರ್ಗದ ಮೂಲೆಯ ಹಳ್ಳಿಯ ಉಪಾಧ್ಯಾಯನು ತನ್ನ ನೇಮಕದ ಪ್ರಕಟಣೆ ಎಂದು ಹೊರಟಿತೆಂಬುದನ್ನು ತಿಳಿಯಲು ಹದಿನೆಂಟು ವರ್ಷಗಳ ಹಿಂದಿನ ಕಾಗದವನ್ನು ಹುಡುಕಬೇಕು. ಸುತ್ತೋಲೆಯು ಅವನ ಕೈಸೇರದಿದ್ದರೆ ಹೋಗುವುದು ಒಂದು ದಿನದ ರಜೆಯಲ್ಲ, ಇಡೀ ಜೀವಮಾನದ ಪಿಂಚಣಿ.

ಕೇಂದ್ರ ನೌಕರರ ವಿಷಯದಲ್ಲಿಯೂ ಇದೇ ಕಥೆ. 1-4-2025ರಿಂದ ಜಾರಿಗೆ ಬಂದ ಏಕೀಕೃತ ಪಿಂಚಣಿಯು 25 ವರ್ಷ ಸೇವೆಮಾಡಿದವನಿಗೆ ಕಡೆಯ ಹನ್ನೆರಡು ತಿಂಗಳ ಸರಾಸರಿ ಮೂಲವೇತನದ ಅರ್ಧವನ್ನು ಖಚಿತಪಡಿಸುತ್ತದೆ. ಅದನ್ನು ಆರಿಸುವ ಗಡುವು ಜೂನ್ 30ರಿಂದ ಸೆಪ್ಟೆಂಬರ್ 30ಕ್ಕೆ, ಅಲ್ಲಿಂದ ನವೆಂಬರ್ 30ಕ್ಕೆ ಸರಿಯಿತು. ಎರಡು ಬಾರಿ ಮುಂದೂಡಬೇಕಾಗಿ ಬಂದುದೇ ವಿಷಯವು ಜನರಿಗೆ ಸರಿಯಾಗಿ ತಿಳಿಯಲಿಲ್ಲವೆಂಬುದಕ್ಕೆ ಸಾಕ್ಷಿಯೆಂದು ನಮ್ಮ ಅಭಿಪ್ರಾಯ.

ಹಣ ಹೂಡುವ ಬಗೆಯನ್ನು ಆರಿಸುವ ಹಕ್ಕು ಕೇಂದ್ರ ನೌಕರರಿಗೆ 2019ರ ಏಪ್ರಿಲ್‌ನಿಂದಲೇ ಉಂಟು. ಪೂರ್ತಿಯಾಗಿ ಸರ್ಕಾರಿ ಸಾಲಪತ್ರಗಳಲ್ಲಿ ಇಡಬಹುದು. ಇಲ್ಲವೇ 35ನೆಯ ವಯಸ್ಸಿನವರೆಗೆ ಅರ್ಧದಷ್ಟು ಷೇರುಗಳಲ್ಲಿಟ್ಟು, 55ರ ವೇಳೆಗೆ ಅದನ್ನು ನೂರಕ್ಕೆ ಹತ್ತಕ್ಕೆ ಇಳಿಸುವ ಕ್ರಮವನ್ನು ಹಿಡಿಯಬಹುದು. ಏನನ್ನೂ ಆರಿಸದವನ ಹಣವು ಸಾರ್ವಜನಿಕ ವಲಯದ ಮೂರು ನಿಧಿಗಳಿಗೆ ತಾನಾಗಿ ಹಂಚಿಹೋಗುತ್ತದೆ. ಈ ಹಂಚಿಕೆಯು ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಅಂಜುವವನಿಗೆ ಅದು ಆಶ್ರಯವೇ. ಆದರೆ ಇಪ್ಪತ್ತೈದರ ಟಪಾಲು ಗುಮಾಸ್ತನಿಗೂ ಐವತ್ತೇಳರ ಸ್ಟೇಷನ್ ಮಾಸ್ತರನಿಗೂ ಒಂದೇ ಅಳತೆಯ ಅಂಗಿಯನ್ನು ತೊಡಿಸುವುದು ಯಾವ ನ್ಯಾಯ?

ಆದೇಶವು ಅಂತರ್ಜಾಲದಲ್ಲಿದೆ, ಓದಿಕೊಳ್ಳದಿದ್ದುದು ನೌಕರನ ತಪ್ಪು ಎಂಬ ಉತ್ತರವು ಸಿದ್ಧವಾಗಿಯೇ ಇರುತ್ತದೆ. ಮಾರಿಕಣಿವೆಯ ನಾಲೆಗೆ ನೀರು ಬಿಡುವ ದಿನವನ್ನು ಹಿರಿಯೂರಿನ ರೈತನಿಗೆ ಇಂಗ್ಲಿಷಿನಲ್ಲಿ ಬರೆದು, ಓದಿಕೊಳ್ಳೆಂದು ಯಾರಾದರೂ ಹೇಳುವರೆ? ಸಂಬಳ ಬಟವಾಡೆಮಾಡುವ ಅಧಿಕಾರಿಯು ಪ್ರತಿಯೊಬ್ಬನಿಗೂ ಕನ್ನಡದಲ್ಲಿ ತಿಳಿವಳಿಕೆ ಪತ್ರವನ್ನು ಕೊಡಲಿ. ಈ ದಾರಿಯಲ್ಲಿ ಬರುವುದೆಷ್ಟು, ಆ ದಾರಿಯಲ್ಲಿ ಬರುವುದೆಷ್ಟು ಎಂಬುದನ್ನು ಅವನ ಸ್ವಂತ ಸಂಬಳದ ಲೆಕ್ಕದಿಂದಲೇ ಬರೆದು ತೋರಿಸಲಿ. ಬೇಕೆಂದವನ ರುಜುವಿನಂತೆ ಬೇಡವೆಂದವನ ರುಜುವನ್ನೂ ಪಡೆಯಲಿ. ಗಡುವಿನ ದಿನಗಳನ್ನು ಪತ್ರವು ಅವನ ಕೈಸೇರಿದಂದಿನಿಂದ ಎಣಿಸಲಿ.

2024ರ ಗಡುವನ್ನು ತಪ್ಪಿಸಿಕೊಂಡವರಲ್ಲಿ, ತಿಳಿವಳಿಕೆ ಪತ್ರ ಮುಟ್ಟಿದ್ದಕ್ಕೆ ಕಚೇರಿಯಲ್ಲಿ ಯಾವ ರುಜುವಾತೂ ಇಲ್ಲದವರ ಅರ್ಜಿಯನ್ನಾದರೂ ಸರ್ಕಾರದವರು ಮತ್ತೊಮ್ಮೆ ವಿಚಾರಣೆಗೆ ತೆಗೆದುಕೊಳ್ಳಬೇಕು.