ತೆರಿಗೆ ಪಡೆದ ಮೇಲೆ ಕಾರು ತಡೆಯುವುದು ಸಲ್ಲದು

ಒಂದು ರಾಜ್ಯದಲ್ಲಿ ನೋಂದಣಿಯಾದ ಕಾರು ಇನ್ನೊಂದು ರಾಜ್ಯದಲ್ಲಿ ನೆಲೆಯೂರುವಾಗ, ತೆರಿಗೆ ಕಟ್ಟಿದ ದಿನಕ್ಕೂ ಅದರ ಪುರಾವೆ ಕೈಸೇರುವ ದಿನಕ್ಕೂ ನಡುವೆ ಅಂತರ ಬೀಳುತ್ತದೆ. ಹಣ ಖಜಾನೆ ಸೇರಿರುತ್ತದೆ, ಹೊಸ ನೋಂದಣಿ ಪತ್ರ (ಆರ್‌ಸಿ) ಬಂದಿರುವುದಿಲ್ಲ. ಬೆಂಗಳೂರಿನಿಂದ ನಾಗಪುರಕ್ಕೆ ವರ್ಗವಾಗುವ ಬ್ಯಾಂಕ್ ನೌಕರರು, ಅಲ್ಲಿನ ಮಿಹಾನ್ ಪ್ರದೇಶದ ಕಂಪನಿಗಳಿಗೆ ಸೇರುವ ಎಂಜಿನಿಯರುಗಳು ಸಿಕ್ಕಿಕೊಳ್ಳುವುದು ಈ ಅಂತರದಲ್ಲೇ. ಆ ಅವಧಿಯಲ್ಲಿ ಕಾರು ಓಡಿಸಿದವರನ್ನು ತೆರಿಗೆಗಳ್ಳರಂತೆ ಕಾಣುವುದು ಅನ್ಯಾಯ.

1988ರ ಮೋಟಾರು ವಾಹನ ಕಾಯ್ದೆಯ 46ನೇ ಕಲಮಿನ ಪ್ರಕಾರ ಒಂದು ರಾಜ್ಯದ ನೋಂದಣಿ ಇಡೀ ದೇಶಕ್ಕೆ ಸಲ್ಲುತ್ತದೆ. ವಾಹನ ಬೇರೆ ರಾಜ್ಯದಲ್ಲಿ 12 ತಿಂಗಳಿಗೂ ಹೆಚ್ಚು ಕಾಲ ಉಳಿದರೆ ಮಾತ್ರ ಅಲ್ಲಿನ ಹೊಸ ನಂಬರು ಪಡೆಯಬೇಕೆಂದು 47ನೇ ಕಲಮು ಹೇಳುತ್ತದೆ. ಆದರೆ ವಾಹನ ತೆರಿಗೆ ಸಂವಿಧಾನದ ರಾಜ್ಯಪಟ್ಟಿಯಲ್ಲಿದೆ. ನೋಂದಣಿ ದೇಶಕ್ಕೆಲ್ಲ ಒಂದೇ, ತೆರಿಗೆ ಮಾತ್ರ ರಾಜ್ಯಕ್ಕೊಂದು. ತೊಡಕಿನ ಬೇರು ಇಲ್ಲಿದೆ.

ಕರ್ನಾಟಕದಲ್ಲಿ ಕಾರು ಕೊಳ್ಳುವಾಗಲೇ ಬೆಲೆಗನುಗುಣವಾಗಿ ಶೇ. 13ರಿಂದ 18ರವರೆಗೆ ಆಜೀವ ತೆರಿಗೆ ಕಟ್ಟಿಸಿಕೊಳ್ಳಲಾಗುತ್ತದೆ. ಅದರ ಮೇಲೆ ಸೆಸ್ ಬೇರೆ. ನಾಗಪುರಕ್ಕೆ ಹೋಗಬೇಕಾದವರು ಮೊದಲು ಇಲ್ಲಿನ ಆರ್‌ಟಿಒದಿಂದ ಫಾರಂ 28ರಲ್ಲಿ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಪಡೆಯಬೇಕು. ಅಲ್ಲಿಗೆ ಹೋದ ಮೇಲೆ ಫಾರಂ 27 ಸಲ್ಲಿಸಿ, ವಾಹನದ ವಯಸ್ಸು ಲೆಕ್ಕಹಾಕಿ ನಿಗದಿಪಡಿಸಿದ ಮಹಾರಾಷ್ಟ್ರದ ತೆರಿಗೆ ಕಟ್ಟಬೇಕು. ನಾಗಪುರದ ಎಂಎಚ್-31 ಅಥವಾ ಎಂಎಚ್-49ರ ನಂಬರು ಸಿಕ್ಕು, ಹೊಸ ಆರ್‌ಸಿ ತೋರಿಸಿದ ಮೇಲೆಯೇ ಕರ್ನಾಟಕದಿಂದ ಉಳಿಕೆ ತೆರಿಗೆ ಹಿಂದಿರುಗುವ ಮಾತು. ಅಂದರೆ ಅಷ್ಟೂ ತಿಂಗಳು ಒಂದೇ ಕಾರಿನ ತೆರಿಗೆ ಎರಡು ಸರ್ಕಾರಗಳ ಖಜಾನೆಯಲ್ಲಿ ಕುಳಿತಿರುತ್ತದೆ. ಎರಡು ಕಡೆ ಹಣ ಕಟ್ಟಿದ ವ್ಯಕ್ತಿಯನ್ನೇ ರಸ್ತೆಬದಿಗೆ ನಿಲ್ಲಿಸಿ, ತೆರಿಗೆ ಕಟ್ಟಿದ್ದಕ್ಕೆ ಸಾಕ್ಷಿ ಎಲ್ಲಿ ಎಂದು ಕೇಳುವುದಕ್ಕೆ ಯಾವ ನೈತಿಕ ಆಧಾರವೂ ಇಲ್ಲ.

ಡಿಜಿಲಾಕರ್ ಮತ್ತು ಎಂಪರಿವಾಹನ್ ಆ್ಯಪ್‌ಗಳು ಬಂದ ಮೇಲೆ ಈ ಸಮಸ್ಯೆ ತೀರಿತು ಎಂಬ ವಾದವುಂಟು. 2018ರ ನವೆಂಬರಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳ 139ನೇ ನಿಯಮಕ್ಕೆ ತಿದ್ದುಪಡಿ ತಂದು ಮೊಬೈಲಿನಲ್ಲಿ ತೋರಿಸುವ ದಾಖಲೆಗೂ ಮಾನ್ಯತೆ ಕೊಟ್ಟದ್ದು ನಿಜಕ್ಕೂ ಒಳ್ಳೆಯ ಹೆಜ್ಜೆ. ಆದರೆ ಕಚೇರಿಯವರು ದಾಖಲಿಸುವವರೆಗೆ ಆ ಪರದೆಯ ಮೇಲೆ ಹಳೆಯ ವಿವರವೇ ಇರುತ್ತದೆ. ಕಡತ ಮೇಜಿನಿಂದ ಮೇಜಿಗೆ ಹೋಗುವಷ್ಟು ದಿನ ಆ್ಯಪ್ ಕೂಡ ಕಾಯುತ್ತದೆ.

ಪರಿಹಾರದ ತತ್ವ 1988ರ ಕಾಯ್ದೆಯಲ್ಲೇ ಇದೆ. ಎನ್‌ಒಸಿ ಅರ್ಜಿಗೆ 30 ದಿನಗಳೊಳಗೆ ನಿರಾಕರಣೆ ತಿಳಿಸದಿದ್ದರೆ ಎನ್‌ಒಸಿ ಕೊಟ್ಟಂತೆಯೇ ಎಂದು 48ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಕಚೇರಿಯ ವಿಳಂಬದ ಹೊರೆ ಕಚೇರಿಗೇ ಎಂಬ ಈ ವಿವೇಕವನ್ನು ಶಾಸಕಾಂಗ 1988ರಲ್ಲೇ ತೋರಿಸಿತ್ತು. ವಾಹನವನ್ನು ಹೊರಗೆ ಕಳಿಸುವಾಗ ಒಪ್ಪುವ ನ್ಯಾಯವನ್ನು ಬರಮಾಡಿಕೊಳ್ಳುವಾಗ ಒಪ್ಪದಿರಲು ಕಾರಣವಿಲ್ಲ.

ಹೊಸ ಆರ್‌ಸಿ ಬರುವವರೆಗೆ ರಿಯಾಯಿತಿ ಕೊಟ್ಟರೆ ತೆರಿಗೆ ತಪ್ಪಿಸುವವರು ನುಸುಳುತ್ತಾರೆ ಎಂಬ ಆಕ್ಷೇಪ ಹಗುರವಾದುದಲ್ಲ. ಕಡಿಮೆ ತೆರಿಗೆಯ ಆಸೆಗೆ ದುಬಾರಿ ಕಾರುಗಳನ್ನು ಪುದುಚೇರಿಯಲ್ಲಿ ನೋಂದಾಯಿಸಿ ಬೇರೆಡೆ ಓಡಿಸುವ ಚಾಳಿ ದಕ್ಷಿಣದ ರಾಜ್ಯಗಳಿಗೆಲ್ಲ ಗೊತ್ತು. ಅಂಥವರನ್ನು ಹಿಡಿಯಲೇಬೇಕು. ಆದರೆ ಹಿಡಿಯುವ ಬಲೆ ಎಲ್ಲರ ಮೇಲೂ ಬೀಳಬಾರದು. ಹೊರರಾಜ್ಯದ ವಾಹನ 30 ದಿನ ಮೀರಿ ಉಳಿದರೆ ಆಜೀವ ತೆರಿಗೆ ಕಟ್ಟಬೇಕೆಂದು ಕರ್ನಾಟಕ 2014ರಲ್ಲಿ ಮಾಡಿದ ತಿದ್ದುಪಡಿಯನ್ನು ಹೈಕೋರ್ಟ್ 2016ರಲ್ಲಿ ರದ್ದುಪಡಿಸಿದ್ದು ನೆನಪಿನಲ್ಲಿರಬೇಕು. ಇನ್ನು, ತೆರಿಗೆ ಕಟ್ಟಿದವರನ್ನೂ ಕಟ್ಟದವರನ್ನೂ ಬೇರ್ಪಡಿಸಲು ಕಾರಿನಲ್ಲಿ ಕಾಗದವೇ ಇರಬೇಕಿಲ್ಲ. ಬ್ರಿಟನ್ 1921ರಿಂದ ಗಾಜಿಗೆ ಅಂಟಿಸುತ್ತಿದ್ದ ತೆರಿಗೆ ಬಿಲ್ಲೆಯನ್ನು 2014ರ ಅಕ್ಟೋಬರ್ 1ರಂದು ಕೈಬಿಟ್ಟು, ನಂಬರ್ ಪ್ಲೇಟಿನಿಂದಲೇ ದಾಖಲೆ ನೋಡುವ ವ್ಯವಸ್ಥೆಯನ್ನು ನೆಚ್ಚಿಕೊಂಡಿತು.

2021ರಲ್ಲಿ ಬಂದ ಬಿಎಚ್ (ಭಾರತ್) ಸರಣಿಯ ನಂಬರು ಮರುನೋಂದಣಿಯ ಗೋಳನ್ನು ತಪ್ಪಿಸುತ್ತದೆ. ಆದರೆ ಅದು ಸರ್ಕಾರಿ ನೌಕರರಿಗೆ, ಮತ್ತು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಸಂಸ್ಥೆಗಳ ಸಿಬ್ಬಂದಿಗೆ ಮಾತ್ರ. ಅಂಗಡಿ ಇಡಲು ಹೋದವರಿಗೆ, ಮಗಳ ಮನೆಗೆ ಸೇರಿಕೊಂಡ ನಿವೃತ್ತರಿಗೆ ಅದು ಇಲ್ಲ.

2014ರಿಂದ ಕೇಂದ್ರದ ರಸ್ತೆ ಸಾರಿಗೆ ಖಾತೆ ನಾಗಪುರದ ಸಂಸದರಾದ ನಿತಿನ್ ಗಡ್ಕರಿ ಅವರ ಕೈಯಲ್ಲಿದೆ. ಬೆಂಗಳೂರನ್ನೂ ನಾಗಪುರವನ್ನೂ ಸೇರಿಸುವ ರಾಷ್ಟ್ರೀಯ ಹೆದ್ದಾರಿ 44 ಅದೇ ಇಲಾಖೆಯದು. ಹೊಸ ಆರ್‌ಸಿ ಬರುವವರೆಗೆ ತೆರಿಗೆ ರಸೀದಿ ಮತ್ತು ಅರ್ಜಿ ಸಂಖ್ಯೆಯೇ ದೇಶದೆಲ್ಲೆಡೆ ಪೂರ್ಣ ಪುರಾವೆ ಎಂಬ ಒಂದು ಸಾಲನ್ನು 139ನೇ ನಿಯಮಕ್ಕೆ ಸೇರಿಸುವ ಅಧಿಕಾರ ಆ ಇಲಾಖೆಗಿದೆ. ಅದನ್ನು ಕೂಡಲೇ ಸೇರಿಸಬೇಕು.